ಯುದ್ಧದ ನೆರಳಿನಲ್ಲಿ ಗೊಂಬೆಗಳ ಮಾತು

ಅಮೃತಾಪುರ: ತರೀಕೆರೆ ಸಮೀಪದ ಈ ಗ್ರಾಮದ ಅಮೃತೇಶ್ವರ ದೇವಾಲಯದ ಹೊರಗೋಡೆಯಲ್ಲಿ ರಾಮಾಯಣ, ಭಾಗವತ ಹಾಗೂ ಮಹಾಭಾರತದ ಪ್ರಸಂಗಗಳು ಸಾಲುಸಾಲು ಫಲಕಗಳಾಗಿ ನಿಂತಿವೆ. ಹೊಯ್ಸಳ ಇಮ್ಮಡಿ ಬಲ್ಲಾಳನ ಕಾಲದಲ್ಲಿ, 1196ರಲ್ಲಿ, ಈ ಗುಡಿ ನಿರ್ಮಾಣವಾಯಿತು. ಇದೇ ಯುದ್ಧಕಥೆಗಳನ್ನು ತೊಗಲಿನಲ್ಲಿ ಕೊರೆದು, ದೀಪದ ಬೆಳಕಿನಲ್ಲಿ ಕುಣಿಸುತ್ತ ಬಂದವರು ಕನ್ನಡ ನಾಡಿನ ಕಿಳ್ಳೇಕ್ಯಾತರು. ಕಲ್ಲಿಗಿಲ್ಲದ ಸ್ವಾತಂತ್ರ್ಯವೊಂದು ತೊಗಲಿಗಿದೆ. ರಾಮ-ರಾವಣರ ಕಥೆಯ ನಡುವೆ ಕಿಳ್ಳೇಕ್ಯಾತನೆಂಬ ಹಾಸ್ಯಗಾರ ನುಗ್ಗಿ, ಬಂಗಾರಕ್ಕನೊಡನೆ ಜಗಳವಾಡುತ್ತಲೇ ಊರಿನ ದೊಡ್ಡವರ ಸಣ್ಣತನವನ್ನು ಆಡಿಬಿಡುತ್ತಾನೆ. ಮಕ್ಕಳು ನಗುತ್ತಾರೆ. ಗೊಂಬೆ ಆಡಿದ ಮಾತಿಗೆ ಯಾರನ್ನು ಹಿಡಿಯುವುದು?

ಹಿಡಿದವರೂ ಇದ್ದಾರೆ. ನಾಜಿಗಳ ವಶದಲ್ಲಿದ್ದ ಝೆಕ್ ನಾಡಿನಲ್ಲಿ ಯೋಸೆಫ್ ಸ್ಕೂಪಾ ಎಂಬ ಕಲಾವಿದ ತಂದೆ-ಮಗ ಜೋಡಿಗೊಂಬೆಗಳ ಬಾಯಲ್ಲಿ ಆಳುವವರನ್ನು ಮರೆಮಾತಿನಿಂದ ಅಣಕಿಸಿದರು. 1944ರಲ್ಲಿ ಬಂಧನಕ್ಕೊಳಗಾಗಿ ಡ್ರೆಸ್ಡೆನ್ ಸೆರೆಮನೆ ಸೇರಿದರು. ಮರುವರ್ಷ ಆ ನಗರದ ಮೇಲೆ ಬಾಂಬ್ ದಾಳಿ ನಡೆದಾಗಲಷ್ಟೇ ಪಾರಾದರು. 2022ರಲ್ಲಿ ಉಕ್ರೇನಿನ ಖಾರ್ಕಿವ್ ಕಲಾವಿದರು ಮೆಟ್ರೊ ನಿಲ್ದಾಣಗಳಲ್ಲಿ ಆಶ್ರಯ ಪಡೆದಿದ್ದ ಮಕ್ಕಳಿಗಾಗಿ ಗೊಂಬೆಯಾಡಿಸಿದರು. ಗಾಜಾದಲ್ಲಿ ಮಹದಿ ಕರೀರಾ ಖಾಲಿ ಡಬ್ಬಿಗಳಿಂದಲೇ ಗೊಂಬೆ ಮಾಡಿದರು. ಇವುಗಳಲ್ಲಿ ಘೋಷಣೆಯ ಅಬ್ಬರವಿಲ್ಲ. ಬಾಲ್ಯವನ್ನು ಯುದ್ಧಕ್ಕೆ ಒಪ್ಪಿಸಲಾರೆವೆಂಬ ಹಟವಿದೆ. ಪ್ರತಿರೋಧವೆಂದರೆ ಅದೂ ಹೌದು.

ಕರ್ನಾಟಕದ ಅನುಭವ ಬೇರೆ ಬಗೆಯದು. ಎರಡನೇ ಮಹಾಯುದ್ಧದ ನಡುವೆ, 1942ರಲ್ಲಿ, ನೆರೆಯ ಶಿವಮೊಗ್ಗ ಜಿಲ್ಲೆಯ ಈಸೂರು ತನ್ನನ್ನು ಸ್ವತಂತ್ರ ಗ್ರಾಮವೆಂದು ಘೋಷಿಸಿ, ಇಬ್ಬರು ಬಾಲಕರನ್ನು ಅಮಲ್ದಾರ ಹಾಗೂ ಪೊಲೀಸ್ ಅಧಿಕಾರಿಯ ಪಟ್ಟಕ್ಕೇರಿಸಿತು. ಅಲ್ಲಿ ಗೊಂಬೆಯಿರಲಿಲ್ಲ, ಮಕ್ಕಳೇ ಪಾತ್ರಧಾರಿಗಳು. ಎಳೆಯರನ್ನು ಸೆರೆಗೆ ತಳ್ಳಲಾರರೆಂಬುದು ಹಿರಿಯರ ಲೆಕ್ಕ. ಆದರೆ ಆಟ ಆಟವಾಗಿ ಉಳಿಯಲಿಲ್ಲ. ಘರ್ಷಣೆಯಲ್ಲಿ ನಿಜವಾದ ಅಮಲ್ದಾರರೂ ಪೊಲೀಸ್ ಅಧಿಕಾರಿಯೂ ಹತರಾದರು. 1943ರಲ್ಲಿ ಐವರು ಗ್ರಾಮಸ್ಥರು ಗಲ್ಲಿಗೇರಿದರು.

ಆ ಹೋರಾಟದ ಕಥೆ ತೊಗಲಿನ ಮೇಲೆ ಮೂಡಿದ್ದು ಸ್ವಾತಂತ್ರ್ಯಾನಂತರ. ಬಳ್ಳಾರಿಯ ರಂಗನಟ ಬೆಳಗಲ್ಲು ವೀರಣ್ಣ ಗಾಂಧೀಜಿಯನ್ನೂ ಸ್ವಾತಂತ್ರ್ಯ ಸಂಗ್ರಾಮವನ್ನೂ ಪರದೆಗೆ ತಂದರು. 2023ರಲ್ಲಿ ಅವರು ನಿಧನರಾದರು. ಕೊಪ್ಪಳ ಜಿಲ್ಲೆ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಸಂದದ್ದು 2025ರಲ್ಲಿ, 96ನೇ ವಯಸ್ಸಿನಲ್ಲಿ. ತಡವಾದರೂ ಸಂತೋಷವೇ.

ಆದರೆ ಪ್ರಶಸ್ತಿಯಿಂದ ಪ್ರೇಕ್ಷಕರು ಹುಟ್ಟುವುದಿಲ್ಲ. ಕುಟುಂಬ ಯೋಜನೆ, ಸಾಕ್ಷರತೆಗಳ ಪ್ರಚಾರಕ್ಕೆ ಸರ್ಕಾರ ಈ ಕಲೆಯನ್ನು ಬಳಸಿಕೊಂಡಿದೆ. ಕಲಾವಿದರ ಹೊಟ್ಟೆಪಾಡಿನ ದೃಷ್ಟಿಯಿಂದ ಅದನ್ನು ಆಕ್ಷೇಪಿಸುವಂತಿಲ್ಲ. ಆದರೂ ಇಲಾಖೆ ಬರೆದುಕೊಟ್ಟದ್ದನ್ನು ಒಪ್ಪಿಸುವ ಕಿಳ್ಳೇಕ್ಯಾತನಿಗೆ ಇಲಾಖೆಯನ್ನೇ ಅಣಕಿಸುವ ಸಲುಗೆ ಉಳಿಯುವುದು ಕಷ್ಟ. ಶಾಲೆಗಳು ವರ್ಷಕ್ಕೊಮ್ಮೆಯಾದರೂ ಈ ಮೇಳಗಳನ್ನು ಕರೆಸಿ, ಅವನ ಮಾತಿಗೆ ಕತ್ತರಿ ಹಾಕದೆ ಇಡೀ ಪ್ರಸಂಗವನ್ನು ಆಡಿಸಬಹುದು. ಅದಕ್ಕೆ ಬೇಕಾದದ್ದು ಒಂದು ಪರದೆ, ಒಂದು ದೀಪ ಮತ್ತು ಕಲಾವಿದರಿಗೆ ನ್ಯಾಯವಾದ ಸಂಭಾವನೆ.