ಬಡಾವಣೆಯ ಚರಿತ್ರೆಗೆ ಬಡಾವಣೆಯಲ್ಲೇ ನೆಲೆ ಬೇಕು

ಬೆಂಗಳೂರಿನ ಚರಿತ್ರೆಯನ್ನು ಜನರೇ ಕೈಯಾರೆ ಕಾಪಾಡಬಲ್ಲರು ಎಂಬುದನ್ನು ಕಳೆದ ಕೆಲವು ವರ್ಷಗಳು ತೋರಿಸಿಕೊಟ್ಟಿವೆ. ಗಂಗರ ದೊರೆ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ಹೆಬ್ಬಾಳದ ಕಿತ್ತಯ್ಯನ ಶಾಸನ 2018ರಲ್ಲಿ ಕಾಮಗಾರಿಯ ಅಗೆತದ ನಡುವೆ ಸಿಕ್ಕಿತು. ನಗರದಲ್ಲಿ ದೊರೆತಿರುವ ಅತಿ ಹಳೆಯ ಕನ್ನಡ ಶಾಸನಗಳಲ್ಲೊಂದು ಅದು. ಸ್ಥಳೀಯರೂ ಇತಿಹಾಸಾಸಕ್ತರೂ ಕೈಜೋಡಿಸಿ ಹಣ ಕೂಡಿಸಿದರು. ಕಲ್ಲಿಗೆ ಊರಿನಲ್ಲೇ ಮಂಟಪ ಎದ್ದಿತು.

ಬಿ.ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಬೆಂಗಳೂರು ಜಿಲ್ಲೆಯ ಶಾಸನ ಸಂಪುಟವನ್ನು ಹಿಡಿದು ಹವ್ಯಾಸಿಗಳು ಊರೂರು ಸುತ್ತಿದರು. ಹಲವು ಶಾಸನಗಳು ಸಿಕ್ಕವು, ಹಲವು ಕಟ್ಟಡಗಳ ಅಡಿಪಾಯ ಸೇರಿಹೋಗಿದ್ದವು. 1909ರಲ್ಲಿ ಹುಟ್ಟಿದ ಮಿಥಿಕ್ ಸೊಸೈಟಿ 2021ರಿಂದ ಈ ಕಲ್ಲುಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿಸಿ, ಯಾರು ಬೇಕಾದರೂ ನೋಡಿ ಓದುವಂತೆ ಮುಕ್ತವಾಗಿ ಇಡುತ್ತಿದೆ. ಇದು ಈ ಅವಧಿಯ ದೊಡ್ಡ ಗಳಿಕೆ.

ಆದರೆ ಹಳೆಯ ಬಡಾವಣೆಗಳ ಲೆಕ್ಕ ಬೇರೆಯೇ ಇದೆ. ಮಲ್ಲೇಶ್ವರದ ಮೂಲವಾದ ಮಲ್ಲಾಪುರವನ್ನು ಮರಾಠಾ ದೊರೆ ಏಕೋಜಿಯ ಕಾಲದ 1669ರ ಶಾಸನ ಹೆಸರಿಸುತ್ತದೆ. ಕಾಡು ಮಲ್ಲೇಶ್ವರ ದೇವಸ್ಥಾನದ ಎದುರು ಮಣ್ಣಲ್ಲಿ ಮುಚ್ಚಿಹೋಗಿದ್ದ ನಂದಿತೀರ್ಥ 1997ರಲ್ಲಿ ಹೊರಬಂತು. ಚಾಮರಾಜಪೇಟೆ 1892ರಲ್ಲಿ ರೂಪುಗೊಂಡಿತು. 1898ರ ಪ್ಲೇಗಿನ ನಂತರ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ಈ ಬಡಾವಣೆಗಳ ನೂರಿಪ್ಪತ್ತೈದು ವರ್ಷಗಳ ಬದುಕು ಕಲ್ಲಿನಲ್ಲಿಲ್ಲ. ಅದು ಮನೆಯ ನಕ್ಷೆಗಳಲ್ಲಿ, ಲಗ್ನಪತ್ರಿಕೆಗಳಲ್ಲಿ, ಶಾಲೆಯ ಗುಂಪು ಫೋಟೊಗಳಲ್ಲಿ, ಅಂಗಡಿಗಳ ಖಾತೆ ಪುಸ್ತಕಗಳಲ್ಲಿ, ವಟಾರದ ನೆನಪುಗಳಲ್ಲಿ ಇದೆ. ಹಳೆಯ ಮನೆ ಒಡೆದು ಅಪಾರ್ಟ್‌ಮೆಂಟ್ ಎದ್ದಾಗ ಈ ಕಾಗದಗಳೆಲ್ಲ ಗುಜರಿಗೆ ಹೋಗುತ್ತವೆ. ಕಲ್ಲು ಮಣ್ಣಿನಡಿ ಸಾವಿರ ವರ್ಷ ತಾಳಿಕೊಂಡೀತು. ಕಾಗದ ಒಂದು ಮಳೆಗಾಲವನ್ನೂ ತಾಳದು.

ಮುಂದಿನ ವಿಸ್ತರಣೆ ಈ ದಿಕ್ಕಿನಲ್ಲೇ ಆಗಬೇಕು. ಹೊಸ ಕಟ್ಟಡಕ್ಕೆ ಕಾಯುವ ಅಗತ್ಯವಿಲ್ಲ. ಚಾಮರಾಜಪೇಟೆಯಲ್ಲಿ 1915ರಲ್ಲಿ ಸ್ಥಾಪನೆಯಾದ ಕನ್ನಡ ಸಾಹಿತ್ಯ ಪರಿಷತ್ತು ಇದೆ. ಬಸವನಗುಡಿಯ ಸುತ್ತಮುತ್ತ 1945ರಲ್ಲೇ ಶುರುವಾದ ವರ್ಲ್ಡ್ ಕಲ್ಚರ್ ಸಂಸ್ಥೆಯೂ ಡಿ.ವಿ.ಜಿ. ಕಟ್ಟಿದ ಗೋಖಲೆ ಸಂಸ್ಥೆಯೂ ಇವೆ. ಇಂಥ ಸಂಸ್ಥೆಗಳಲ್ಲಿ ಸಭಾಂಗಣ, ಗ್ರಂಥಾಲಯ, ಕೇಳಲು ಬರುವ ಜನ, ಮೂರೂ ಇವೆ. ಒಂದೊಂದು ಕೋಣೆ ಬಡಾವಣೆಯ ಸಂಗ್ರಹಾಲಯವಾದರೆ ಸಾಕು.

ತಿಂಗಳಿಗೊಮ್ಮೆ ನಿವಾಸಿಗಳು ತಮ್ಮ ಕಾಗದ, ಫೋಟೊಗಳನ್ನು ತರಲಿ. ಸಂಗ್ರಹಾಲಯದವರು ಪ್ರತಿ ಮಾಡಿಕೊಂಡು ಮೂಲವನ್ನು ಮನೆಯವರಿಗೇ ಹಿಂದಿರುಗಿಸಲಿ. ಶಾಲಾ ಮಕ್ಕಳು ಹಿರಿಯರ ಮಾತನ್ನು ಧ್ವನಿಮುದ್ರಿಸಲಿ. ಮನೆಗಳ ಮಾಲೀಕರ ಜೊತೆಗೆ ಬಾಡಿಗೆದಾರರು, ಹೂ ಕಟ್ಟುವವರು, ಪೌರಕಾರ್ಮಿಕರು, ಮುದ್ರಣಾಲಯಗಳಲ್ಲಿ ಮೊಳೆ ಜೋಡಿಸಿದವರು, ದೇವಸ್ಥಾನ ಮಸೀದಿಗಳ ಆಸುಪಾಸಿನ ವ್ಯಾಪಾರಿಗಳು ಕೂಡ ಆ ದಾಖಲೆಯಲ್ಲಿ ಇರಬೇಕು. ಅವರನ್ನು ಬಿಟ್ಟ ಚರಿತ್ರೆ ಬಡಾವಣೆಯ ಚರಿತ್ರೆ ಆಗಲಾರದು.

ಇದಕ್ಕೆ ಸರ್ಕಾರದ ನೆರವು ಸ್ವಾಗತಾರ್ಹ, ಆದರೆ ಆರಂಭಕ್ಕೆ ಅದು ಷರತ್ತಲ್ಲ. ಹೆಬ್ಬಾಳದವರು ಒಂದು ಕಲ್ಲಿಗಾಗಿ ಮಾಡಿದ್ದನ್ನು ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳು ತಮ್ಮ ಕಾಗದ, ನೆನಪುಗಳಿಗಾಗಿ ಮಾಡಬಲ್ಲವು. ಬರುವ ವರ್ಷದೊಳಗೆ ಮೂರೂ ಬಡಾವಣೆಗಳಲ್ಲಿ ಒಂದೊಂದು ಕೋಣೆ ತೆರೆಯಲಿ ಎಂಬುದು ನಮ್ಮ ಒತ್ತಾಯ.