ಮೂರನೇ ಪರದಿ ನಾ ಕೊಡ್ಸಂಗಿಲ್ಲ

ಹೋದ ಐತಾರ ಸುರಪುರದಾಗ ಚಿಕ್ಕವ್ವನ ಮೊಮ್ಮಗಳ ಕುಬಸ ಇತ್ತಲ್ಲ, ಊಟಕ್ಕ ಕುಂತಾಗ ನನ್ನ ಬಗ್ಗೆ ನಡೆದ ಮಾತು ನನಗ ಕೇಳಿಸ್ಲಿಲ್ಲ ಅಂತ ತಿಳ್ಕೊಂಡೀರೇನು? "ಇರೋನೊಬ್ಬ ಗಂಡಮಗ. ಅವನಿಗೆ ಇನ್ನೊಂದು ಟಿವಿ ಕೊಡ್ಸಲಾಕ ಆಗಂಗಿಲ್ಲಂತ. ಎಷ್ಟು ಬಿಗಿ ಕೈ ನೋಡ್ರಿ ಆಕಿದು!" ಕೈಯಾಗ ಹೋಳಿಗಿ ಇತ್ತು, ಮುಂದ ಬಸುರಿ ಹೆಣ್ಮಗಳು ಕುಂತಿದ್ಲು, ಸುಮ್ಮನಾದೆ. ಇಲ್ಲಿ ಸುಮ್ಮನಿರಂಗಿಲ್ಲ.

ಮೊದಲು, ಅದು ಟಿವಿ ಅಲ್ಲ, ಮಾನಿಟರ್. ಅವನ ಹತ್ರ ಆಗಲೇ ಎರಡು ಅವ. ಈಗ ಕೇಳ್ಲಾಕತ್ತಿದ್ದು ಮೂರನೇದು. ಮೂರೂ ಸಾಲಾಗಿ ಇಟ್ಟು, ನಡುವ ಕುಂತು, ಕಾರ್ ಓಡ್ಸೋ ಆಟ ಆಡ್ತಾನಂತ.

ಆಟದ ಮ್ಯಾಲ ನನಗ ಸಿಟ್ಟಿಲ್ಲ. ಕೆಲವ್ರು ಕಂಪ್ಯೂಟರ್ ಆಟ ಅಂದಕೂಡ್ಲೆ ರಮ್ಮಿ, ಬೆಟ್ಟಿಂಗ್ ಎಲ್ಲಾ ಒಂದೇ ಬುಟ್ಟಿಗೆ ಹಾಕ್ತೀರಿ. ರೊಕ್ಕ ಕಟ್ಟಿ ಆಡೋ ಆನ್‌ಲೈನ್ ಆಟ ಬಂದ್ ಮಾಡ್ಲಾಕ 2025ರ ಆಗಸ್ಟ್‌ನ್ಯಾಗ ದಿಲ್ಲ್ಯಾಗ ಕಾಯ್ದೇನೇ ಆಗ್ಯಾದ, ಛಲೋ ಆತು. ನನ್ನ ಮಗ ಆಡೋದು ಅದಲ್ಲ. ಓಣ್ಯಾಗ ಗುಟ್ಕಾ ತಿನ್ಕೋತ ನಿಂದ್ರೋದಕಿಂತ ಮನ್ಯಾಗ ಕುಂತು ಆಡ್ಲಿ ಅಂತ ಹೇಳ್ದಾಕಿ ನಾನೇ.

ಆದ್ರ ಮೂರು ಪರದಿ ಅಂದ್ರ ಏನು ಅಂತ ನಿಮಗ್ಯಾರಿಗಾದ್ರೂ ಗೊತ್ತದೇನ್ರಿ? ನಾ ಕೇಳಿ ತಿಳ್ಕೊಂಡೀನಿ. ಎಎಂಡಿ ಅನ್ನೋ ಕಂಪನಿ 2009ರಾಗ ಐಫಿನಿಟಿ ಅಂತ ತಂತು, ಒಂದೇ ಕಾರ್ಡಿಗೆ ಮೂರು ಪರದಿ ಹಚ್ಚಿ ಒಂದೇ ಉದ್ದನ್ನ ಪರದಿ ಮಾಡೋದು. ನಮ್ಮ ಯಾದಗಿರಿ ಗುಲಬರ್ಗಾದಿಂದ ಬ್ಯಾರೆ ಆದ ಆಸುಪಾಸಿನ ಮಾತು ಇದು. ಎನ್ವಿಡಿಯಾದವ್ರು ಇಂಥದಕ್ಕ ಸರೌಂಡ್ ಅಂತಾರ. ಈಗಿನ ಭಾಳ ಕಾರ್ಡಿಗೆ ನಾಕು ಪರದಿ ತನಕ ಹಚ್ಚಬಹುದು. ಹಚ್ಚಲಾಕ ಬರ್ತದ ಅಂತ ಹಚ್ಚಬೇಕೇನು? ನಮ್ಮ ಒಲಿಗೆ ನಾಕು ಬರ್ನರ್ ಅವ, ದಿನಾ ನಾಕೂ ಹಚ್ತೀವೇನು?

ಒಂದು ಫುಲ್ ಎಚ್‌ಡಿ ಪರದ್ಯಾಗ ಅಡ್ಡ 1920 ಚುಕ್ಕಿ, ಮ್ಯಾಲಿಂದ ಕೆಳಗ 1080. ರಂಗೋಲಿ ಹಾಕೋರಿಗೆ ಚುಕ್ಕಿ ಲೆಕ್ಕ ನಾ ಬಿಡಿಸಿ ಹೇಳೋದು ಬ್ಯಾಡ. 20 ಲಕ್ಷ 73 ಸಾವಿರದ 600 ಆಗ್ತಾವ. ಮೂರು ಪರದಿಗೆ 62 ಲಕ್ಷದ ಮ್ಯಾಲ. ಅಷ್ಟೂ ಚುಕ್ಕಿ ಸೆಕೆಂಡಿಗೆ 60 ಸಲ ಅಳಿಸಿ ಅಳಿಸಿ ಹಾಕಬೇಕು, ಹಾಕೋದು ಅದೊಂದೇ ಕಾರ್ಡು. ಅದು ದಣೀತದ, ಆಟ ತಡದು ತಡದು ನಡೀತದ. ಆಮ್ಯಾಲ ದೊಡ್ಡ ಕಾರ್ಡ್ ಬೇಕು ಅಂತಾನ, ದೊಡ್ಡ ಕಾರ್ಡಿಗೆ ದೊಡ್ಡ ಪವರ್ ಸಪ್ಲೈ. ಅದು ತಿಂದ ಕರೆಂಟೆಲ್ಲಾ ಕಡೀಕ ಕಾವಾಗಿ ಖೋಲ್ಯಾಗೇ ಉಳೀತದ. ಮೇ ತಿಂಗಳದಾಗ ನಮ್ಮ ಬಿಸಿಲು 42 ದಾಟ್ತದ, ತಗಡಿನ ಮಾಡಿನ ಕೆಳಗ ಇನ್ನೊಂದು ಒಲಿ ಹೂಡ್ಲೇನು?

ಎರಡು ಪರದಿ ಜೋಡಿಸಿ ಆಡಿದ್ರ ಚೌಕಟ್ಟು ಸರೀ ಮೂಗಿನ ಮುಂದ ಬರ್ತದ, ಅದಕ್ಕೇ ಮೂರು ಬೇಕು ಅಂತಾನ. ಖರೆ ಮಾತು, ಒಪ್ಪಿದೆ. ಆದ್ರ ಮೂರಕ್ಕೂ ಚೌಕಟ್ಟು ಇರ್ತದಲ್ಲಪ್ಪ! ಶಹಾಪುರದ ಮಲಗಿದ ಬುದ್ಧನ ಗುಡ್ಡ ನೋಡೀರಲ್ಲ. ರೋಡಿನ ಮ್ಯಾಲ ನಿಂತು ನೋಡಿದ್ರ ತಲಿಯಿಂದ ಕಾಲಿನ ತನಕ ಮನುಷ್ಯಾ ಮಲ್ಕೊಂಡಂಗ ಕಾಣ್ತದ. ಅದನ್ನೇ ಮೂರು ಕಿಟಕ್ಯಾಗಿಂದ ನೋಡ್ರಿ, ತಲಿ ಒಂದ್ರಾಗ, ಎದಿ ಒಂದ್ರಾಗ, ಕಾಲು ಒಂದ್ರಾಗ, ನಡುವ ಗ್ವಾಡಿ. ಅದಕ್ಕ ಹತ್ತು ಸಾವಿರ ಕೊಡು ಅಂತಾನ. ಮ್ಯಾಲ ಎಷ್ಟೋ ಆಟಕ್ಕ ಇಷ್ಟು ಉದ್ದನ್ನ ಪರದಿ ಹೊಂದಂಗಿಲ್ಲ, ಅಕ್ಕಪಕ್ಕದ್ದು ಎಳದು ಹಿಗ್ಗಿಸಿದಂಗ ಕಾಣ್ತದ. ಇದನ್ನ ಅವನೇ ವಿಡಿಯೋದಾಗ ತೋರ್ಸ್ಯಾನ, ಪಾಪ.

ನನ್ನ ಖರೆ ಸಿಟ್ಟು ಬ್ಯಾರೆ ಕಡಿ ಅದ. ಈಗಿರೋ ಕಾರ್ಡು ಮೂವತ್ತು ಸಾವಿರದ್ದು. ಅದು ಬಂದಿದ್ದು ನಾ ಎರಡು ವರ್ಷ ಜಂಪರ್ ಹೊಲಿದ ರೊಕ್ಕದಾಗ. ಎರಡನೇ ಮಾನಿಟರ್ ಬಂದಾಗ ಅಂಗಡಿ ಹುಡುಗ ಬಂದು ವೈರ್ ಹಚ್ಚಿ ಹೋದ. "ಯಾವ ವೈರು ಎಲ್ಲಿಗೆ ಹಚ್ಚಿದ್ಯಪ್ಪ?" ಅಂತ ಕೇಳಿದ್ರ ನಮ್ಮವ್ರು, ಮಗ, ಆ ಹುಡುಗ, ಮೂವರೂ ನಕ್ರು. "ನಿನಗ ತಿಳಿಯಂಗಿಲ್ಲ ಬಿಡವ್ವ" ಅಂದ ಮಗ. ಎರಡು ತಿಂಗಳು ಆಟ ಎಳದಂಗ ಆಗ್ತದ, ಕಾರ್ಡ್ ಸಾಲವಲ್ದು ಅಂತ ಅವನ ರಾಗ. ಕಡೀಕ ಕಂಡು ಹಿಡದಾಕಿ ಯಾರು? ಬಿ.ಕಾಂ ಓದೋ ನನ್ನ ಮಗಳು, ಡಬ್ಬಿ ಜೊತಿ ಬಂದ ಪುಸ್ತಕ ಓದಿ. ಎರಡೂ ವೈರ್ ಮದರ್‌ಬೋರ್ಡಿಗೆ ಹಚ್ಚಿದ್ದ! ಮೂವತ್ತು ಸಾವಿರದ ಕಾರ್ಡು ಮದಿವ್ಯಾಗ ಬಂದ ಬೀಗರಂಗ ಸುಮ್ಮ ಕುಂತಿತ್ತು.

ಇಷ್ಟು ನೀವೂ ತಿಳ್ಕೊಂಡಿರ್ರಿ, ನಾಳೆ ನಿಮ್ಮ ಮನಿಗೂ ಬರ್ತದ. ಡಬ್ಬಿ ಹಿಂದ ಮ್ಯಾಲ, ಯುಎಸ್‌ಬಿ ಜೊತಿ ಇರೋ ತೂತು ಮದರ್‌ಬೋರ್ಡಿಂದು. ಅದರ ಕೆಳಗ ಬ್ಯಾರೆಯಾಗಿ ಅಡ್ಡ ಸಾಲಿನ್ಯಾಗ ಇರ್ತಾವಲ್ಲ, ಅವು ಕಾರ್ಡಿನವು. ಪರದಿ ವೈರ್ ಅಲ್ಲೇ ಹೋಗಬೇಕು. ಇನ್ನ ಅಂಗಡ್ಯಾಗ "ಒಂದು ಸ್ಪ್ಲಿಟರ್ ತೊಗೊರಿ, ಒಂದ್ರಾಗ ಎರಡು ನಡೀತಾವ" ಅಂದ್ರ ತೊಗೊಬ್ಯಾಡ್ರಿ, ಸಾದಾ ಸ್ಪ್ಲಿಟರ್ ಎರಡರಾಗೂ ಒಂದೇ ಚಿತ್ರ ತೋರಸ್ತದ. ವಿಂಡೋಸ್ ಗುಂಡಿ, ಪಿ ಗುಂಡಿ ಕೂಡಿಸಿ ಒತ್ತಿ ಎಕ್ಸ್‌ಟೆಂಡ್ ಅಂತ ಆರಿಸಿದ್ರ ಎರಡೂ ಬ್ಯಾರೆ ಬ್ಯಾರೆ ಆಗ್ತಾವ. 144 ಹರ್ಟ್ಸ್ ಅಂತ ಹೆಚ್ಚಿಗಿ ರೊಕ್ಕ ಕೊಟ್ಟು ತಂದ ಪರದಿ ಸೆಟ್ಟಿಂಗ್ಸ್‌ದಾಗ 60ಕ್ಕೇ ಕುಂತಿರಬಹುದು, ಅದನ್ನೂ ನೋಡ್ರಿ. ನಮ್ಮಲ್ಲಿ ಕುಂತಿತ್ತು.

ಈಗ ಎರಡು ಪರದಿ ಯಾರಿಗೆ ಉಪಯೋಗಕ್ಕ ಬಂದಾವ? ಮಗ ಒಂದ್ರಾಗ ಆಡ್ತಾನ, ಇನ್ನೊಂದ್ರಾಗ ಯಾರೋ ಆಡೋದು ನೋಡ್ತಾನ. ಮಗಳು ಒಂದ್ರಾಗ ಬಿಲ್ ತೆಗೀತಾಳ, ಇನ್ನೊಂದ್ರಾಗ ಟ್ಯಾಲಿ. ಗಂಜಿನ ತೊಗರಿ ಅಡತಿ ಅಂಗಡಿದು ಲೆಕ್ಕ ಬರದು ತಿಂಗಳಿಗೆ ಮೂರು ಸಾವಿರ ತರ್ಲಾಕತ್ಯಾಳ. ಅದಕ್ಕ ಮುಂಜಾನಿಂದ ಮಧ್ಯಾಹ್ನ ಎರಡರ ತನಕ ಕಂಪ್ಯೂಟರ್ ಆಕಿದು ಅಂತ ಮಾಡೀನಿ. ಇದನ್ನ ಕೇಳಿ ಒಬ್ಬ ವೈನಿ ಅಂದ್ರಂತ, "ಹೆಣ್ಣು ನಾಳೆ ಮಂದಿ ಮನಿಗೆ ಹೋಗೋದು, ಆಕಿಗ್ಯಾಕ ಇಷ್ಟು?" ವೈನಿ, ಮಂದಿ ಮನಿಗೆ ಹೋಗೋಕಿಗೆ ಕೈಯಾಗ ವಿದ್ಯಾ ಇರಬಾರದೇನ್ರಿ? ನಿಮ್ಮ ಕೈಯಾಗ ಆವಾಗ ಇದ್ದಿದ್ರ ಒಂದು ಸೀರಿ ತೊಗೊಳ್ಳಾಕ ಯಾರ ಮಾರಿ ನೋಡ್ತಿದ್ರಿ?

ಮಗ ನಾಕು ದಿನ ಆತು ನನ್ನ ಜೊತಿ ಮಾತು ಬಿಟ್ಟಾನ. ರೊಟ್ಟಿ ಮಾತ್ರ ಬಿಟ್ಟಿಲ್ಲ. ಮೂರನೇದು ಬೇಕಾದ್ರ ಅವನೇ ದುಡದು ತರ್ಲಿ, ನಾ ಬ್ಯಾಡ ಅನ್ನಂಗಿಲ್ಲ, ಇಡ್ಲಾಕ ಹೊಲಿಗಿ ಮಷೀನ್ ಸರಿಸಿ ಜಾಗಾನೂ ಮಾಡಿ ಕೊಡ್ತೀನಿ. ಮಗಳು ಕಾರ್ಡಿನ ವೈರಿಗೆ ಕೆಂಪು ಖಣದ ತುಂಡು ಕಟ್ಟ್ಯಾಳ, ಯಾರೂ ಮತ್ತ ತಪ್ಪು ತೂತಿಗೆ ಹಚ್ಚಬಾರದಂತ. ಬರೋ ಅಮಾಸಿಗೆ ನಾ ಶಹಾಪುರಕ್ಕ ಬರ್ತೀನಿ. ಏನು ಅನ್ನೋದದ, ಮಾರಿ ಮುಂದ ಅನ್ರಿ.