ಟಿಕೆಟ್ ಮೇಲೆ ಬರೆದಷ್ಟೇ ರೊಕ್ಕ

ಸವದತ್ತಿ ಎಲ್ಲಮ್ಮನ ಭಾರತ ಹುಣ್ಣಿಮೆ ಜಾತ್ರೆಯ ಬಸ್ಸು. 1980ರ ದಶಕದ ಕೊನೆ. ಒಳಗೆ ಕಾಲಿಡಲು ಜಾಗವಿಲ್ಲ, ಟಾಪಿನ ಮೇಲೂ ಮಂದಿ. ಒಬ್ಬ ಗೃಹಸ್ಥರು ಹತ್ತರ ಎರಡು ನೋಟು ನನ್ನ ಕೈಯಲ್ಲಿ ತುರುಕಿದರು. "ಕಂಡಕ್ಟರ್ ಸಾಹೇಬ್ರ, ಆ ಮುದುಕಿನ್ನ ಎಬ್ಬಿಸ್ರಿ, ಸೀಟ್ ನನಗ ಕೊಡಿಸ್ರಿ. ಟಿಕೆಟ್ ಕಳದು ಉಳದದ್ದು ನಿಮಗ." ಆ ಮುದುಕಿ ನಮ್ಮ ಪಾರಿಶ್ವಾಡದಾಕೆ. ತೊಡೆಯ ಮೇಲೆ ಪಡ್ಡಲಗಿ ಇಟ್ಟುಕೊಂಡು ಕಣ್ಣು ಮುಚ್ಚಿ ಕೂತಿದ್ದಳು. ನಾನು ನೋಟು ಮರಳಿಸಿ, ಅವರಿಗೊಂದು ಟಿಕೆಟ್ ಹರಿದು ಕೊಟ್ಟೆ. ಅವರು ಗುಡ್ಡದವರೆಗೆ ನಿಂತೇ ಬಂದರು.

ಆವತ್ತು ಮನಸ್ಸು ಮಾಡಿದ್ದರೆ ಐವತ್ತು ಸೀಟನ್ನೂ ಹರಾಜು ಹಾಕಬಹುದಿತ್ತು. ಕೊಳ್ಳುವವರು ಇದ್ದರು. ಆದರೆ ನಮ್ಮ ಕೆಲಸದ ಕಟ್ಟುಪಾಡೇ ಬೇರೆ ಇತ್ತು. ಡ್ಯೂಟಿಗೆ ಹತ್ತುವ ಮೊದಲು ನಮ್ಮ ಸ್ವಂತ ಜೇಬಿನಲ್ಲಿ ಎಷ್ಟು ರೊಕ್ಕ ಇದೆ ಎಂದು ವೇಬಿಲ್‌ನಲ್ಲಿ ಬರೆಯಬೇಕು. ಯಾವ ನಂಬರಿನಿಂದ ಟಿಕೆಟ್ ಶುರು, ಯಾವ ನಂಬರಿಗೆ ಮುಗಿಯಿತು, ಅದೂ ಬರೆಯಬೇಕು. ಹಿರೇಬಾಗೇವಾಡಿ ದಾಟಿದ ಮೇಲೆ ಚೆಕಿಂಗ್ ಸ್ಕ್ವಾಡ್ ಕೈ ಮಾಡಿ ಬಸ್ಸು ನಿಲ್ಲಿಸಿತೆಂದರೆ ಚೀಲದ ರೊಕ್ಕಕ್ಕೂ ಹರಿದ ಟಿಕೆಟ್ಟಿಗೂ ಪೈಸೆಗೆ ಪೈಸೆ ತಾಳೆಯಾಗಬೇಕು. ಹೆಚ್ಚಿದ್ದರೂ ತಪ್ಪು, ಕಡಿಮೆ ಇದ್ದರೂ ತಪ್ಪು. ಜಾತ್ರೆ ಸ್ಪೆಷಲ್ ಬಸ್ಸಿಗೆ ಸಾರಿಗೆ ಸಂಸ್ಥೆ ತುಸು ಜಾಸ್ತಿ ದರ ಇಡುತ್ತಿತ್ತು, ಸುಳ್ಳು ಹೇಳಲಾರೆ. ಆದರೆ ಆ ಜಾಸ್ತಿಯೂ ಟಿಕೆಟ್ಟಿನಲ್ಲಿ ಕಾಣುತ್ತಿತ್ತು, ಎಲ್ಲರಿಗೂ ಒಂದೇ ಇರುತ್ತಿತ್ತು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಆಯಿತಲ್ಲ, ಅಲ್ಲಿಯೂ ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೆಟ್ ಹರಿದೇ ಕೊಡುತ್ತಾನೆ. ಲೆಕ್ಕಕ್ಕೆ ಸಿಗದೆ ಒಬ್ಬರೂ ಕೂರುವಂತಿಲ್ಲ.

ಮೂವತ್ತೆರಡು ವರ್ಷ ಈ ಕೆಲಸ ಮಾಡಿದವನು ನಾನು. ಆದ್ದರಿಂದ ಬೆಂಗಳೂರಿನಲ್ಲಿ ನನ್ನ ತಮ್ಮನಿಗೆ ಆದದ್ದು ಕೇಳಿ ನನಗೆ ನಿದ್ದೆ ಬರಲಿಲ್ಲ.

ತಮ್ಮ ಊರಲ್ಲಿ ಕಬ್ಬು ಬೆಳೆಯುತ್ತಾನೆ. ರೇಡಿಯೊ ಕಾಲದಿಂದ ಕ್ರಿಕೆಟ್ ಹುಚ್ಚು. ಸ್ಟೇಡಿಯಂ ಒಳಗೆ ಕಾಲಿಟ್ಟವನಲ್ಲ. ಅವನ ಮಗ ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾನೆ, ಅಪ್ಪನಿಗೆ ಒಂದು ಐಪಿಎಲ್ ಪಂದ್ಯ ತೋರಿಸಬೇಕೆಂದು ಕರೆಸಿಕೊಂಡ. ಮೂಲ ಮಾರಾಟದಲ್ಲಿ ಟಿಕೆಟ್ ಸಿಗಲಿಲ್ಲ, ಕಣ್ಣು ಮಿಟುಕಿಸುವುದರಲ್ಲಿ ಖಾಲಿ. ಕೊಂಡವರು ತಮ್ಮ ಟಿಕೆಟ್ ಮತ್ತೆ ಮಾರುವ ಆನ್‌ಲೈನ್ ತಾಣವೊಂದರಲ್ಲಿ ಎರಡು ಸಿಕ್ಕವು. 3,300 ರೂಪಾಯಿಯ ಟಿಕೆಟ್ಟಿಗೆ ತಲಾ 9,000. ಗೇಟಿನಲ್ಲಿ ಒಂದು ಸ್ಕ್ಯಾನ್ ಆಯಿತು. ಇನ್ನೊಂದಕ್ಕೆ ಯಂತ್ರ ಕೆಂಪು ದೀಪ ತೋರಿಸಿತು. ಅದೇ ಟಿಕೆಟ್ ಹಿಡಿದು ಬೇರೊಬ್ಬ ಆಗಲೇ ಒಳಗೆ ಹೋಗಿದ್ದ. ಹುಡುಗ ಹೊರಗೆ ಬರುತ್ತೇನೆಂದ. ತಮ್ಮ ಬಿಡಲಿಲ್ಲ. "ಒಂದರೆ ಖರೇ ಐತಲ್ಲಪಾ, ನೀ ನೋಡ್ಕೊಂಡ್ ಬಾ" ಎಂದು ಒಳಗೆ ಕಳಿಸಿದ. ಕಬ್ಬನ್ ಪಾರ್ಕ್ ಕಡೆಯ ಫುಟ್‌ಪಾತಿನ ಮೇಲೆ ಮೂರೂವರೆ ತಾಸು ಕೂತ. ಒಳಗಿನ ಗದ್ದಲ ಕೇಳಿ, ಇದು ಫೋರೋ ಸಿಕ್ಸೋ ಎಂದು ಪಕ್ಕದ ಕಡಲೆಕಾಯಿಯವನನ್ನು ಕೇಳುತ್ತಿದ್ದನಂತೆ.

ಆ ರೊಕ್ಕ ಇನ್ನೂ ಬಂದಿಲ್ಲ. "ನಿಮ್ಮ ದೂರು ಪರಿಶೀಲನೆಯಲ್ಲಿದೆ" ಎಂಬ ಮೇಲ್ ಮಾತ್ರ ಮೇಲಿಂದ ಮೇಲೆ ಬರುತ್ತದೆ. "ದೊಡ್ಡಪ್ಪಾ, ನೀವು ಡಿಪೋದಾಗ ದೂರು ತಗೊಂಡ್ರ ಸಹಿ ಮಾಡಿ ಕೊಡ್ತಿದ್ರಿ, ಇವ್ರಿಗೆ ಮುಖಾನ ಇಲ್ಲ" ಎಂದ ಹುಡುಗ.

ಈ ಮುಖವಿಲ್ಲದ ವ್ಯಾಪಾರ ಹೇಗೆ ಬೆಳೆಯಿತೆಂದು ಅವನ ಕೈಯಿಂದಲೇ ಓದಿಸಿ ಕೇಳಿದೆ. ಅಮೆರಿಕದಲ್ಲಿ 2000ನೇ ಇಸವಿಯಲ್ಲಿ ಎರಿಕ್ ಬೇಕರ್, ಜೆಫ್ ಫ್ಲೂರ್ ಎಂಬ ಇಬ್ಬರು ಸ್ಟಬ್‌ಹಬ್ ಶುರು ಮಾಡಿದರು. ಸ್ಟ್ಯಾನ್‌ಫರ್ಡ್‌ನಲ್ಲಿ ವ್ಯಾಪಾರಶಾಸ್ತ್ರ ಓದಿದವರು. ಬೇಕರ್ ಅಲ್ಲಿಂದ ಹೊರಬಿದ್ದು 2006ರಲ್ಲಿ ಲಂಡನ್ನಿನಲ್ಲಿ ವಯಾಗೋಗೋ ಹೂಡಿದರು. 2007ರಲ್ಲಿ ಇಬೇ ಕಂಪನಿ ಸ್ಟಬ್‌ಹಬ್ಬನ್ನು 31 ಕೋಟಿ ಡಾಲರಿಗೆ ಕೊಂಡಿತು. 2020ರಲ್ಲಿ ಅದೇ ಸ್ಟಬ್‌ಹಬ್ಬನ್ನು ಬೇಕರ್ ಅವರ ವಯಾಗೋಗೋ ಮರಳಿ ಕೊಂಡುಕೊಂಡಾಗ ಬೆಲೆ 405 ಕೋಟಿ ಡಾಲರ್. ಹದಿಮೂರು ವರ್ಷದಲ್ಲಿ ಹದಿಮೂರು ಪಟ್ಟು. 2025ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕ್ ಷೇರುಪೇಟೆಯಲ್ಲಿ ಅದರ ಷೇರು 23.50 ಡಾಲರಿನಂತೆ ಮಾರಾಟಕ್ಕೆ ಬಂತು.

ಇಷ್ಟು ಬೆಳೆಯಲು ಒಂದು ನಿಜವಾದ ಕಾರಣವೂ ಇತ್ತು, ಅದನ್ನು ಒಪ್ಪುತ್ತೇನೆ. ನಮ್ಮ ಬೆಳಗಾವಿಯ ಟಾಕೀಸುಗಳ ಮುಂದೆ ಹೊಸ ಸಿನಿಮಾ ಬಿಡುಗಡೆಯಾದ ದಿನ "ದಸ್ ಕಾ ಬೀಸ್, ದಸ್ ಕಾ ಬೀಸ್" ಎಂದು ಬಾಯೊಳಗೇ ಅನ್ನುತ್ತ ಓಡಾಡುತ್ತಿದ್ದ ಬ್ಲ್ಯಾಕಿನವನನ್ನು ಯಾರೂ ನಂಬುತ್ತಿರಲಿಲ್ಲ. ಅವನು ಕೊಟ್ಟದ್ದು ನಿನ್ನೆಯ ಟಿಕೆಟ್ಟೋ, ಬೇರೆ ಆಟದ್ದೋ ಯಾರಿಗೆ ಗೊತ್ತು? ಪೊಲೀಸ್ ಬಂದರೆ ಅವನು ಗಲ್ಲಿಯಲ್ಲಿ ಮಾಯ. ಈ ಕಂಪನಿಗಳು ಮಾರಿದ್ದು ನಂಬಿಕೆಯನ್ನು. ಟಿಕೆಟ್ ಬಾರದಿದ್ದರೆ ರೊಕ್ಕ ವಾಪಸ್ಸು ಎಂಬ ಭರವಸೆಯನ್ನು. ಜ್ವರ ಬಂದು ಮಲಗಿದವನ ಟಿಕೆಟ್ ವ್ಯರ್ಥವಾಗದೆ ಇನ್ನೊಬ್ಬನಿಗೆ ಸಿಕ್ಕರೆ ಯಾರಿಗೆ ನಷ್ಟ?

ಕೆಡುಕಿರುವುದು ದಲಾಲಿಯ ಲೆಕ್ಕದಲ್ಲಿ. ಮಾರುವವನಿಂದಲೂ ದಲಾಲಿ, ಕೊಳ್ಳುವವನಿಂದಲೂ ದಲಾಲಿ. ಅದೂ ಮಾರಿದ ಬೆಲೆಯ ಮೇಲೆ ಶೇಕಡಾವಾರು. 3,300ರ ಟಿಕೆಟ್ 3,300ಕ್ಕೇ ಕೈ ಬದಲಾದರೆ ಕಂಪನಿಗೆ ಚಿಲ್ಲರೆ ಸಿಗುತ್ತದೆ, 30,000ಕ್ಕೆ ಹೋದರೆ ಹಬ್ಬ. ಬೆಲೆ ಏರಿದಷ್ಟೂ ತನ್ನ ಪಾಲು ಏರುವ ದಲಾಲ, ಬೆಲೆ ಇಳಿಸಲು ಯಾಕೆ ಕೈ ಹಾಕುತ್ತಾನೆ? ಕೆಲವರಂತೂ ಟಿಕೆಟ್ ಕೈಗೆ ಬರುವ ಮೊದಲೇ ಮಾರಾಟಕ್ಕಿಡುತ್ತಾರೆ. ಕೂಸು ಹುಟ್ಟುವ ಮೊದಲೇ ಕುಲಾವಿ.

ನಮ್ಮ ದೇಶ ಇದನ್ನು ಕಣ್ಣಾರೆ ಕಂಡದ್ದು 2024ರ ಸೆಪ್ಟೆಂಬರ್ 22ರಂದು. ನವಿ ಮುಂಬೈಯಲ್ಲಿ ನಡೆಯಲಿದ್ದ ಕೋಲ್ಡ್‌ಪ್ಲೇ ಸಂಗೀತ ಕಾರ್ಯಕ್ರಮದ ಟಿಕೆಟ್ ಬುಕ್‌ಮೈಶೋದಲ್ಲಿ ಆ ಮಧ್ಯಾಹ್ನ ಮಾರಾಟಕ್ಕೆ ಬಂತು. ದರ 2,500ರಿಂದ 35,000. ಒಂದು ಕೋಟಿಗೂ ಹೆಚ್ಚು ಮಂದಿ ಮುಗಿಬಿದ್ದರು, ತಾಣ ಕುಸಿಯಿತು. ಸ್ವಲ್ಪ ಹೊತ್ತಿಗೇ ಮರುಮಾರಾಟದ ತಾಣಗಳಲ್ಲಿ ಅವೇ ಸೀಟುಗಳು ಲಕ್ಷದ ಬೆಲೆಗೆ ಕಂಡವು. ತನಗೂ ವಯಾಗೋಗೋದಂಥ ತಾಣಗಳಿಗೂ ಸಂಬಂಧವಿಲ್ಲ ಎಂದು ಬುಕ್‌ಮೈಶೋ ಹೇಳಿತು. ಅಕ್ಟೋಬರಿನಲ್ಲಿ ಜಾರಿ ನಿರ್ದೇಶನಾಲಯ ಬೆಂಗಳೂರೂ ಸೇರಿ ಐದು ನಗರಗಳಲ್ಲಿ ಶೋಧ ನಡೆಸಿತು. ಬಾಂಬೆ ಹೈಕೋರ್ಟಿಗೆ ಹೋದ ಸಾರ್ವಜನಿಕ ಹಿತಾಸಕ್ತಿ ಅರ್ಜಿ 2025ರ ಜನವರಿಯಲ್ಲಿ ವಜಾ ಆಯಿತು. ಇದು ಶಾಸನ ಮಾಡುವವರ ಕೆಲಸ ಎಂಬುದು ನ್ಯಾಯಾಲಯದ ನಿಲುವು.

ಆ ಮಾತು ನನಗೆ ಸರಿ ಕಾಣುತ್ತದೆ. ಖಾನಾಪುರ ಸ್ಟೇಷನ್ನಿನಲ್ಲಿ ಯಾರಾದರೂ ರೈಲು ಟಿಕೆಟ್ ಕೊಂಡಿಟ್ಟು ಹೆಚ್ಚಿಗೆ ಮಾರುವ ದಂಧೆ ಹಿಡಿದರೆ 1989ರ ರೈಲ್ವೆ ಕಾಯ್ದೆಯ 143ನೇ ಕಲಮು ಅವನಿಗೆ ಮೂರು ವರ್ಷದವರೆಗೆ ಜೈಲು ತೋರಿಸುತ್ತದೆ. ತತ್ಕಾಲ್ ಟಿಕೆಟ್ ದಲ್ಲಾಳಿಗಳ ಪಾಲಾಗುತ್ತಿದೆ ಎಂದು 2025ರ ಜುಲೈಯಿಂದ ಆನ್‌ಲೈನ್ ತತ್ಕಾಲ್‌ಗೆ ಆಧಾರ್ ಕಡ್ಡಾಯ ಮಾಡಿದರು. ರೈಲಿನ ಸೀಟಿಗೆ ಇಷ್ಟು ಕಾವಲು ಹಾಕಿದ ದೇಶ, ಸ್ಟೇಡಿಯಮ್ಮಿನ ಸೀಟನ್ನು ಯಾಕೆ ಬಯಲಿಗೆ ಬಿಟ್ಟಿದೆ? ಜಪಾನ್ ಒಲಿಂಪಿಕ್ಸಿಗೆ ಮುಂಚೆ, 2019ರಲ್ಲೇ, ಹೆಚ್ಚಿನ ಬೆಲೆಗೆ ಮರುಮಾರುವ ದಂಧೆಯನ್ನು ಅಪರಾಧ ಮಾಡಿತು. ವಯಾಗೋಗೋ ಹುಟ್ಟಿದ ಬ್ರಿಟನ್ನೇ ಮೂಲ ಬೆಲೆಗಿಂತ ಹೆಚ್ಚಿಗೆ ಮಾರುವುದನ್ನು ನಿಷೇಧಿಸುವುದಾಗಿ 2025ರ ನವೆಂಬರಿನಲ್ಲಿ ಘೋಷಿಸಿತು.

"ಕೊಂಡ ಟಿಕೆಟ್ ನನ್ನದು, ನನ್ನ ಎಮ್ಮೆ ಇದ್ದಂಗ, ಎಷ್ಟಕ್ಕರೆ ಮಾರತೀನಿ" ಎಂದು ನಮ್ಮೂರ ಕಟ್ಟೆಯ ಮೇಲೆ ಒಬ್ಬರು ವಾದಿಸಿದರು. ಎಮ್ಮೆಗೆ ನೀವು ಮೇವು ಹಾಕಿದ್ದೀರಿ, ಹಾಲು ಹಿಂಡಿದ್ದೀರಿ. ಟಿಕೆಟ್ಟಿಗೆ ಏನು ಮಾಡಿದಿರಿ? ಹಾಡುವವನು, ಆಡುವವನು ಯೋಚಿಸಿಯೇ ಒಂದು ಬೆಲೆ ಇಡುತ್ತಾನೆ. ನಾನು ಸಣ್ಣವನಿದ್ದಾಗ ಕಂಪನಿ ನಾಟಕದ ಡೇರೆಗೆ ಅಪ್ಪ ಚಕ್ಕಡಿ ಕಟ್ಟಿಕೊಂಡು ಕರೆದೊಯ್ಯುತ್ತಿದ್ದ. ಏಣಗಿ ಬಾಳಪ್ಪನವರ ಕಲಾವೈಭವ ನಾಟ್ಯ ಸಂಘದ ಹೆಸರು ನಮ್ಮ ಸೀಮೆಯಲ್ಲಿ ಮನೆಮಾತು. ಮುಂದೆ ಕುರ್ಚಿಯ ದರ ಬೇರೆ, ನೆಲದ ದರ ಬೇರೆ. ನಮ್ಮದು ಯಾವಾಗಲೂ ನೆಲ. ಆ ನೆಲದ ಟಿಕೆಟ್ ಇದ್ದದ್ದೇ ಕೂಲಿ ಮಾಡುವವನೂ ನಾಟಕ ನೋಡಲಿ ಎಂದು. ನಡುವೆ ಬಂದು ಅದನ್ನು ಕುರ್ಚಿಯ ಬೆಲೆಗೆ ಮಾರುವವನು ಪ್ರೇಕ್ಷಕನಿಗೂ ಮೋಸ ಮಾಡುತ್ತಾನೆ, ನಟನಿಗೂ ಮೋಸ ಮಾಡುತ್ತಾನೆ. ಹೆಚ್ಚಿಗೆ ಬಂದ ರೊಕ್ಕದಲ್ಲಿ ಬಣ್ಣ ಹಚ್ಚಿದವನಿಗೆ ಒಂದು ಬಿಡಿಗಾಸೂ ಇಲ್ಲ.

ಬೆಲೆಯ ವಿಷಯಕ್ಕೆ ಕೈ ಹಾಕಲು ನಮ್ಮ ರಾಜ್ಯ ಸರ್ಕಾರಕ್ಕೆ ಹಿಂಜರಿಕೆ ಇದ್ದಂತಿಲ್ಲ. 2025ರ ಸೆಪ್ಟೆಂಬರಿನಲ್ಲಿ ಸಿನಿಮಾ ಟಿಕೆಟ್ಟಿಗೆ 200 ರೂಪಾಯಿಯ ಮಿತಿ ಹಾಕಿತು. ಹೈಕೋರ್ಟ್ ತಡೆ ಕೊಟ್ಟಿತು, ಆ ಮಾತು ಬೇರೆ. ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 2025ರ ಜೂನ್ 4ರಂದು ಕಾಲ್ತುಳಿತದಲ್ಲಿ ಹನ್ನೊಂದು ಜೀವ ಹೋದ ಮೇಲೆ ಜನಸಂದಣಿ ನಿಯಂತ್ರಣಕ್ಕೆ ಮಸೂದೆಯನ್ನೂ ಮಂಡಿಸಿತು. ಗೇಟಿನ ಹೊರಗಿನ ಗುಂಪಿನ ಬಗ್ಗೆ ಯೋಚಿಸುವವರು, ಗೇಟಿಗೆ ಬಂದು ಕೆಂಪು ದೀಪ ಕಂಡು ನಿಲ್ಲುವವರ ಬಗ್ಗೆಯೂ ಯೋಚಿಸಬೇಕು.

ಬೆಳಗಾವಿ–ಹುಬ್ಬಳ್ಳಿ ರೂಟಿನಲ್ಲಿ ನಾನು ಟಿಕೆಟ್ ಹರಿಯುತ್ತಲೇ ಸುವರ್ಣ ವಿಧಾನಸೌಧ ಕಟ್ಟುವುದನ್ನು ಕಿಟಕಿಯಿಂದ ನೋಡಿದವನು. 2012ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದಾಗ ಪ್ರಯಾಣಿಕರೆಲ್ಲ ಒಂದೇ ಕಡೆ ಬಾಗಿ ನೋಡಿದ್ದರು. ಚಳಿಗಾಲದ ಅಧಿವೇಶನ ಅಲ್ಲಿ ಸೇರಿದಾಗ ನಮ್ಮ ಶಾಸಕರ ಕೈಗೆ ಕೊಡಲು ಒಂದು ಮನವಿ ಬರೆದಿಟ್ಟಿದ್ದೇನೆ. ಮರುಮಾರಾಟ ಇರಲಿ, ಆದರೆ ಟಿಕೆಟ್ ಮೇಲೆ ಬರೆದ ಬೆಲೆಗೇ ಇರಲಿ. ದಲಾಲಿ ಎಷ್ಟೆಂದು ಮೊದಲೇ ಹೇಳಲಿ, ಅದಕ್ಕೊಂದು ಮಿತಿ ಇರಲಿ. ಹೋಗಲಾಗದವರ ಟಿಕೆಟ್ಟನ್ನು ಮೂಲ ಮಾರಾಟಗಾರರೇ ವಾಪಸ್ಸು ಪಡೆದು ಸಾಲಿನಲ್ಲಿ ನಿಂತವರಿಗೆ ಕೊಡಲಿ. ಗೇಟಿನಲ್ಲಿ ಸುಳ್ಳಾದ ಟಿಕೆಟ್ಟಿನ ರೊಕ್ಕ ಏಳು ದಿನದಲ್ಲಿ ಮರಳಲಿ, ಅದಕ್ಕೆ ಉತ್ತರ ಹೇಳುವ ಒಬ್ಬ ಮನುಷ್ಯ ಕರ್ನಾಟಕದಲ್ಲಿ ಕೂತಿರಲಿ.

ಮನವಿಯನ್ನು ತಮ್ಮನಿಗೆ ಓದಿ ಹೇಳಿದೆ. ಪೂರಾ ಕೇಳಿ, ಕೆಳಗೆ ತನ್ನದೂ ಒಂದು ಸಹಿ ಹಾಕಿದ. ಆಮೇಲೆ ಕೇಳಿದ: "ಅಣ್ಣಾ, ಮುಂದಿನ ವರ್ಷ ಹೋಗೋಣೇನ?"